ಪ್ಲೇಸ್ಟೇಷನ್ 2 ಸ್ಲಿಮ್: ಹಳೆಯ ಆಟಗಳಿಗೆ ಸೈ, ಕನ್ನಡದ ವಿಸಿಡಿಗಳಿಗೆ ಅಲ್ಲ

ಹಳೆಯ ಚಲನಚಿತ್ರಗಳ ಡಿಸ್ಕ್‌ಗಳನ್ನೂ ಕಥೆಯೊಳಗಿನ ಪಾತ್ರವಾಗಿ ಆಡುವ ಹಳೆಯ ರೋಲ್-ಪ್ಲೇಯಿಂಗ್ ವಿಡಿಯೊ ಆಟಗಳನ್ನೂ ಕೂಡಿಡುವವರಿಗೆ ಸೋನಿಯ ಆಟದ ಯಂತ್ರವಾದ ಪ್ಲೇಸ್ಟೇಷನ್ 2 ಒಂದೇ ಸಾಕು ಎಂಬ ಮಾತನ್ನು ಅನೇಕರಿಂದ ಕೇಳಿದ್ದೇನೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಇದರ ಸ್ಲಿಮ್ ಮಾದರಿಯನ್ನು ಹಲವು ವರ್ಷಗಳಿಂದ ಬಳಸುತ್ತ ಬಂದಿರುವ ನಾನು ಆ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಒಪ್ಪದ ಅರ್ಧವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಕನ್ನಡ ಚಿತ್ರಗಳನ್ನು ಸಂಗ್ರಹಿಸುವವರಿಗೆ ಅದು ಸಣ್ಣ ಕೊರತೆಯಲ್ಲ. ಈ ಯಂತ್ರ ವಿಸಿಡಿಯನ್ನು, ಅಂದರೆ ಚಲನಚಿತ್ರ ತುಂಬಿದ ವಿಡಿಯೊ ಸಿಡಿಯನ್ನು, ಓದುವುದಿಲ್ಲ.

ಡಿವಿಡಿಯನ್ನು ತೋರಿಸುತ್ತದೆ, ಹಾಡಿನ ಸಿಡಿಯನ್ನು ನುಡಿಸುತ್ತದೆ, ಆದರೆ ವಿಸಿಡಿಯನ್ನು ಒಳಗಿಟ್ಟರೆ ಅದರಲ್ಲಿರುವ ಚಿತ್ರ ತೆರೆಗೆ ಬರುವುದೇ ಇಲ್ಲ. ಕ್ಯಾಸೆಟ್‌ಗಳ ಕಾಲ ಹಿಂದೆ ಸರಿದಾಗ ನಮ್ಮ ಕಡೆಯ ಮನೆಗಳಿಗೆ ಮೊದಲು ಬಂದದ್ದು ಡಿವಿಡಿಯಲ್ಲ, ವಿಸಿಡಿ. ದಾವಣಗೆರೆ, ಚಿತ್ರದುರ್ಗಗಳ ಸಿಡಿ ಲೈಬ್ರರಿಗಳಿಂದ ನಾವು ದಿನದ ಬಾಡಿಗೆಗೆ ತರುತ್ತಿದ್ದುದೂ ಅದನ್ನೇ. 1993ರಲ್ಲಿ ರೂಪುಗೊಂಡ ಆ ಪದ್ಧತಿಯಲ್ಲಿ ಒಂದು ಡಿಸ್ಕ್‌ಗೆ ಹಿಡಿಸುವುದು ಸುಮಾರು 74 ನಿಮಿಷಗಳ ಚಿತ್ರ. ಹೀಗಾಗಿ ಉದ್ದನೆಯ ಕನ್ನಡ ಚಿತ್ರವೊಂದು ಎರಡು ಅಥವಾ ಮೂರು ಡಿಸ್ಕ್‌ಗಳಲ್ಲಿ ಬರುತ್ತಿತ್ತು, ಮತ್ತು ಡಿಸ್ಕ್ ಬದಲಿಸುವ ಹೊತ್ತೇ ಮನೆಯವರಿಗೆ ಚಹಾದ ಹೊತ್ತಾಗುತ್ತಿತ್ತು. ನಮ್ಮ ಹಳೆಯ ಟಿವಿಗಳ ಪಾಲ್ ಎಂಬ ಚಿತ್ರ ಪದ್ಧತಿಯಲ್ಲಿ ಅದರ ಚಿತ್ರದ ಅಳತೆ 352×288 ಬಿಂದುಗಳು, ಡಿವಿಡಿಯದು 720×576. ಈ ಅಂತರ ಕಣ್ಣಿಗೆ ಕಾಣುವುದು ನಿಜ. ಆದರೂ ನನ್ನ ಕಪಾಟಿನ ಕನ್ನಡ ಚಿತ್ರಗಳಲ್ಲಿ ಬಹುಪಾಲು ಇರುವುದು ವಿಸಿಡಿಯಲ್ಲೇ, ಮತ್ತು ಅವುಗಳಲ್ಲಿ ಕೆಲವನ್ನು ಡಿವಿಡಿಯಲ್ಲಿ ನಾನು ಎಲ್ಲಿಯೂ ಕಂಡಿಲ್ಲ.

ನನ್ನ ಸಂಗ್ರಹದಲ್ಲಿ ಅತಿ ಹೆಚ್ಚು ಬಾರಿ ಓಡಿರುವುದು 1972ರ ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ಅವರು ನಿರ್ದೇಶಿಸಿದ ಈ ಚಿತ್ರದ ಚಿತ್ರೀಕರಣ ನಮ್ಮ ಕೋಟೆಯಲ್ಲೇ ನಡೆಯಿತು. ಒನಕೆ ಓಬವ್ವನಾಗಿ ಜಯಂತಿ ಕಾಣಿಸಿಕೊಳ್ಳುವ ಭಾಗ ಬಂದಾಗ ನಮ್ಮ ದೊಡ್ಡಪ್ಪ ‘ಸ್ವಲ್ಪ ನಿಲ್ಲಿಸಪ್ಪ’ ಎಂದು ಹೇಳಿ ಎದ್ದು ಬಂದು, ಆ ಬಂಡೆ ಯಾವುದು, ಆ ಮೆಟ್ಟಿಲು ಎತ್ತ ಏರುತ್ತದೆ ಎಂದು ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಾರೆ. 2018ರಲ್ಲಿ ಈ ಚಿತ್ರ ಸಿನಿಮಾಸ್ಕೋಪ್ ರೂಪದಲ್ಲಿ, 7.1 ಧ್ವನಿಯೊಂದಿಗೆ ಮತ್ತೆ ತೆರೆಕಂಡಾಗ ನಾನೂ ಸಂತೋಷಪಟ್ಟೆ. ಆದರೆ ಹಳೆಯ ಚೌಕಟ್ಟಿನ ಚಿತ್ರವನ್ನು ಅಗಲದ ತೆರೆಗೆ ತುಂಬಿಸಬೇಕಾದರೆ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಬಿಟ್ಟುಕೊಡಬೇಕಾಗುತ್ತದೆ, ಚಿತ್ರದುರ್ಗದ ಬಂಡೆಗಳಿಗೋ ಎತ್ತರವೇ ಮುಖ್ಯ. ಹಳೆಯ ಬಿಡುಗಡೆಗಳನ್ನು ನಾನು ಕೂಡಿಡುವುದು ಇಂಥ ಕಾರಣಗಳಿಗಾಗಿ, ಮತ್ತು ಈ ಯಂತ್ರ ನನಗೆ ಕೈಕೊಡುವುದೂ ಸರಿಯಾಗಿ ಅಲ್ಲಿಯೇ.

ಇದರ ಹಿರಿಯಣ್ಣನ ಕಥೆ ತಿಳಿದ ಮೇಲೆ ನನ್ನ ಅಸಮಾಧಾನ ಇನ್ನೂ ಹೆಚ್ಚಿತು. ಮೊದಲ ಪ್ಲೇಸ್ಟೇಷನ್‌ನಲ್ಲಿ ಎಸ್‌ಸಿಪಿಎಚ್-5903 ಎಂಬ ಬಿಳಿ ಬಣ್ಣದ ಮಾದರಿಯೊಂದಿತ್ತು. ಏಷ್ಯಾದ ಮಾರುಕಟ್ಟೆಗಾಗಿಯೇ ತಯಾರಾದ ಅದು ವಿಸಿಡಿಗಳನ್ನು ಓದುತ್ತಿತ್ತು. ಅಂದರೆ ಏಷ್ಯಾದ ಮನೆಗಳಲ್ಲಿ ಯಾವ ಡಿಸ್ಕ್ ಓಡುತ್ತದೆ ಎಂಬುದು ತಯಾರಕರಿಗೆ ತಿಳಿದೇ ಇತ್ತು, ಮುಂದಿನ ಪೀಳಿಗೆಯ ಯಂತ್ರದಲ್ಲಿ ಆ ಅನುಕೂಲ ಉಳಿಯಲಿಲ್ಲ. ಈಗ ನಾನು ವಿಸಿಡಿಗಳಿಗಾಗಿ ಬೇರೆಯೇ ಒಂದು ಸಾಧಾರಣ ಡಿವಿಡಿ ಪ್ಲೇಯರ್ ಇಟ್ಟುಕೊಂಡಿದ್ದೇನೆ. ನನ್ನ ಟಿವಿಗೆ ಇರುವುದು ಒಂದೇ ಜೋಡಣೆಯ ಜಾಗ. ಆಟದಿಂದ ಚಿತ್ರಕ್ಕೆ ಹೋಗುವಾಗಲೆಲ್ಲ ಹಳದಿ, ಬಿಳಿ, ಕೆಂಪು ಪಿನ್‌ಗಳನ್ನು ಕಿತ್ತು ಬದಲಿಸಬೇಕು.

ಇಷ್ಟು ಬೇಸರವಿದ್ದರೂ ಯಂತ್ರವನ್ನು ಮಾರುವ ಯೋಚನೆ ನನಗೆ ಬಂದಿಲ್ಲ. ಆಟಗಳ ವಿಷಯಕ್ಕೆ ಬಂದರೆ ನನ್ನ ಧಾಟಿಯೇ ಬದಲಾಗುತ್ತದೆ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಯಂತ್ರದ ಮೇಲಿನ ಹತ್ತಿಬಟ್ಟೆಯ ಹೊದಿಕೆಯನ್ನು ತೆಗೆದು ಹೊರಗೆ ಕೊಡವುತ್ತೇನೆ. ಬೇಸಿಗೆಯ ಗಾಳಿ ಏಳುವ ನಮ್ಮೂರಿನಲ್ಲಿ ಅದೇ ದಿನ ಒಗೆದ ಹೊದಿಕೆಯಿಂದಲೂ ಧೂಳು ಏಳುತ್ತದೆ. ಬಳಿಕ ಗುಂಡಿ ಒತ್ತಿ ಮುಚ್ಚಳ ತೆರೆದು, ಡಿಸ್ಕನ್ನು ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ ಕೂರಿಸುತ್ತೇನೆ. ಸುತ್ತುತ್ತ ಒರೆಸಿದರೆ ಗೀರುಗಳು ದತ್ತಾಂಶದ ಸಾಲಿನ ಉದ್ದಕ್ಕೂ ಬಿದ್ದು ಓದಲು ಹೆಚ್ಚು ತೊಂದರೆ ಕೊಡುತ್ತವೆ. ಯಂತ್ರ ಎಚ್ಚರಗೊಳ್ಳುವಾಗ ಕತ್ತಲೆಯಲ್ಲಿ ಮೂಡುವ ಗೋಪುರಗಳನ್ನು ಎಲ್ಲರೂ ನೋಡಿರುತ್ತಾರೆ. ಮೆಮೊರಿ ಕಾರ್ಡಿನಲ್ಲಿ ದಾಖಲಾಗುವ ನಮ್ಮ ಆಟದ ಇತಿಹಾಸಕ್ಕೆ ತಕ್ಕಂತೆ ಆ ಗೋಪುರಗಳು ಬೆಳೆಯುತ್ತವೆ ಎಂಬುದು ತಿಳಿದಂದಿನಿಂದ ಆ ಕೆಲವು ಕ್ಷಣಗಳನ್ನು ನಾನು ತಪ್ಪದೆ ನೋಡುತ್ತೇನೆ. ಹೊಸ ಕಾರ್ಡ್ ಹಾಕಿದ ದಿನ ಆ ಬಯಲು ಬರಿದಾಗಿ ಕಂಡಿತ್ತು, ಈಗ ತುಂಬಿದೆ.

ಮೊದಲ ಪ್ಲೇಸ್ಟೇಷನ್‌ನ ಕಪ್ಪು ಕೆಳಮೈಯ ಡಿಸ್ಕ್‌ಗಳನ್ನೂ ಇದು ಓದುವುದು ನನ್ನಂಥವರಿಗೆ ದೊಡ್ಡ ಉಪಕಾರ. 1997ರ ‘ಫೈನಲ್ ಫ್ಯಾಂಟಸಿ 7’ ಮೂರು ಡಿಸ್ಕ್‌ಗಳಲ್ಲಿಯೂ 2000ದ ‘ಫೈನಲ್ ಫ್ಯಾಂಟಸಿ 9’ ನಾಲ್ಕು ಡಿಸ್ಕ್‌ಗಳಲ್ಲಿಯೂ ಬಂದವು, ಎರಡನ್ನೂ ಈ ಯಂತ್ರದಲ್ಲೇ ಪೂರ್ತಿ ಆಡಿದ್ದೇನೆ. ಹಳೆಯ ಆಟಗಳಿಗೆ ಡಿಸ್ಕ್ ವೇಗವನ್ನು ಹೆಚ್ಚಿಸುವ ಹಾಗೂ ಚಿತ್ರದ ಒರಟುತನವನ್ನು ನಯಗೊಳಿಸುವ ಎರಡು ಆಯ್ಕೆಗಳು ಯಂತ್ರದ ಮೆನುವಿನಲ್ಲಿವೆ, ಆದರೆ ಯಂತ್ರವನ್ನು ಸ್ವಿಚ್ ಆಫ್ ಮಾಡಿದೊಡನೆ ಅವು ಮರೆತುಹೋಗುವುದರಿಂದ ಪ್ರತಿ ಸಲವೂ ಹೊಸದಾಗಿ ಆರಿಸಬೇಕು. ಒಂದು ಎಚ್ಚರಿಕೆ ಅಗತ್ಯ: ಹಳೆಯ ಆಟಗಳ ಪ್ರಗತಿಯನ್ನು ಉಳಿಸಲು ಮೊದಲ ಪ್ಲೇಸ್ಟೇಷನ್‌ನ ಹಳೆಯ ಮೆಮೊರಿ ಕಾರ್ಡೇ ಬೇಕು. ಆ ಪ್ರಗತಿಯನ್ನು ಹೊಸ 8 ಎಂಬಿ ಕಾರ್ಡಿಗೆ ನಕಲು ಮಾಡಿ ಜೋಪಾನವಾಗಿ ಇಡಬಹುದು, ಅಲ್ಲಿಂದ ನೇರವಾಗಿ ಆಡಲಾಗುವುದಿಲ್ಲ. ಹಳೆಯ ಕಾರ್ಡಿನಲ್ಲಿ ಪ್ರಗತಿ ಉಳಿಸಲು ಇರುವುದು 15 ಬ್ಲಾಕ್‌ಗಳಷ್ಟು ಜಾಗ ಮಾತ್ರವಾದ್ದರಿಂದ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಕೂತು, ಯಾವುದು ಉಳಿಯಬೇಕು, ಯಾವುದು ನಕಲಿಗೆ ಹೋಗಬೇಕು ಎಂದು ಜೋಡಿಸುವುದು ನನಗೆ ಇಷ್ಟದ ಕೆಲಸವಾಗಿದೆ.

ಹೆಚ್ಚು ವಿವರವಾಗಿ ಹೇಳಬೇಕಾದದ್ದು ‘ಫೈನಲ್ ಫ್ಯಾಂಟಸಿ 10’ರ ಬಗ್ಗೆ. ನಮ್ಮ ಯಂತ್ರಗಳು ಪಾಲ್ ವಲಯದವು, ಆದ್ದರಿಂದ ನಾವು ಆಡುವುದು ಯುರೋಪಿನಲ್ಲಿ 2002ರಲ್ಲಿ ಬಿಡುಗಡೆಯಾದ ಆವೃತ್ತಿಯನ್ನು. ಜಪಾನ್ ಮತ್ತು ಅಮೆರಿಕದ ಆವೃತ್ತಿ ಸೆಕೆಂಡಿಗೆ 60 ಬಾರಿ ಪರದೆಯನ್ನು ತುಂಬಿದರೆ ಇದು 50 ಬಾರಿ ತುಂಬುತ್ತದೆ. ಆಟವನ್ನು ಆ ಗತಿಗೆ ಹೊಂದಿಸದೇ ಬಿಟ್ಟಿದ್ದರಿಂದ ನಡಿಗೆಯೂ ಯುದ್ಧವೂ ಸುಮಾರು ಆರನೇ ಒಂದು ಪಾಲು ನಿಧಾನ, ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಬೇರೆ. ಇದು ನನ್ನನ್ನು ಮೊದಮೊದಲು ಬಹಳ ಕಾಡಿತು. ಆದರೆ ಜಪಾನಿನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ಸೇರಿಸಿದ್ದ ಪರಿಣತರ ಸ್ಫಿಯರ್ ಗ್ರಿಡ್ (ಪಾತ್ರಗಳ ಶಕ್ತಿ ಬೆಳೆಸುವ ಜಾಲ), ಡಾರ್ಕ್ ಏಯಾನ್‌ಗಳೆಂಬ ಕಠಿಣ ಎದುರಾಳಿಗಳು ಮೊದಲ ಅಮೆರಿಕನ್ ಡಿಸ್ಕ್‌ನಲ್ಲಿಲ್ಲ, ನಮ್ಮ ಪಾಲ್ ಡಿಸ್ಕ್‌ನಲ್ಲಿವೆ. ಪರಿಣತರ ಗ್ರಿಡ್‌ನಲ್ಲಿ ಎಲ್ಲ ಪಾತ್ರಗಳೂ ನಡುವಿನಿಂದಲೇ ಹೊರಟು ತಮಗೆ ಬೇಕಾದ ದಾರಿ ಹಿಡಿಯಬಹುದು. ಆಟದ ಪಾತ್ರವಾದ ಯೂನಾಳನ್ನು ನನ್ನ ಇಷ್ಟದಂತೆ ಬೆಳೆಸಿದ ಸಂತೋಷದ ಮುಂದೆ ನಿಧಾನಗತಿಯ ದೂರು ಕ್ರಮೇಣ ಕರಗಿತು. ಈಗ ನನಗೆ ಆ ನಿಧಾನ ನಡಿಗೆಯೇ ಆಟದ ಸಹಜ ಗತಿ ಎನಿಸುತ್ತದೆ.

ಯಂತ್ರ ಎಷ್ಟು ಮುಖ್ಯವೋ ಅದರ ಜೊತೆಗಿನ ಟಿವಿಯೂ ಅಷ್ಟೇ ಮುಖ್ಯ. ಹೊಸ ಎಲ್‌ಇಡಿ ಟಿವಿಗೆ ಜೋಡಿಸಿದರೆ ಅಕ್ಷರಗಳು ಮಸುಕಾಗುತ್ತವೆ, ಗುಂಡಿ ಒತ್ತುವುದಕ್ಕೂ ಪಾತ್ರ ಚಲಿಸುವುದಕ್ಕೂ ನಡುವೆ ಸಣ್ಣ ವಿಳಂಬ ಕಾಣುತ್ತದೆ. ಗುಜರಿ ಅಂಗಡಿಯಿಂದ ಕಡಿಮೆ ಬೆಲೆಗೆ ತಂದ ಪಿಕ್ಚರ್ ಟ್ಯೂಬ್ ಟಿವಿಯಲ್ಲಿ ಈ ಎರಡೂ ತೊಂದರೆಗಳಿಲ್ಲ. ಆದರೆ ಆ ಟಿವಿ ನಮ್ಮ ಮನೆಯ ಯುಪಿಎಸ್ ಲೈನಿನಲ್ಲಿಲ್ಲ, ಆಟದ ಯಂತ್ರ ಮಾತ್ರ ಇದೆ. ಕರೆಂಟ್ ಹೋದೊಡನೆ ಪರದೆ ಕತ್ತಲಾದರೂ ಒಳಗೆ ಆಟ ನಡೆಯುತ್ತಲೇ ಇರುತ್ತದೆ. ಸ್ಟಾರ್ಟ್ ಗುಂಡಿ ಒತ್ತಿ ನಿಲ್ಲಿಸಿ, ಊಟ ಮುಗಿಸಿ ಬಂದು ಅಲ್ಲಿಂದಲೇ ಮುಂದುವರಿಸುತ್ತೇನೆ. ಬೇಕೆಂದಲ್ಲಿ ಪ್ರಗತಿಯನ್ನು ಉಳಿಸಲು ಬಿಡದ ಹಳೆಯ ಆಟಗಳಿಗೆ ಇಷ್ಟು ರಕ್ಷಣೆ ಬೇಕೇ ಬೇಕು.

ದುರಸ್ತಿಯ ಖರ್ಚು ನನ್ನ ಮಟ್ಟಿಗೆ ಹೆಚ್ಚಾಗಿಲ್ಲ. ದಿನಾಂಕವನ್ನು ನೆನಪಿಡುವ ನಾಣ್ಯದಾಕಾರದ ಸಿಆರ್2032 ಸೆಲ್ ಖಾಲಿಯಾದಾಗ ಪ್ರತಿ ಬಾರಿಯೂ ಸಮಯ ಕೇಳತೊಡಗುತ್ತದೆ. ವಾಚ್ ಅಂಗಡಿಯಲ್ಲಿ ಸಿಗುವ ಅದೇ ಸೆಲ್ ಸಾಕು. ಹೆಚ್ಚಿನ ಸಾಮರ್ಥ್ಯವೆಂದು ಹೇಳಿ ಮಾರುವ ಅಗ್ಗದ ಮೆಮೊರಿ ಕಾರ್ಡೊಂದು ನನ್ನ ದೀರ್ಘ ಆಟದ ಪ್ರಗತಿಯನ್ನು ಅಳಿಸಿಹಾಕಿತು. ಅಂದಿನಿಂದ ಮೂಲ 8 ಎಂಬಿ ಕಾರ್ಡಿಗೇ ಹಣ ಹಾಕುತ್ತಿದ್ದೇನೆ.

ಸಂಬಳದಲ್ಲಿ ಮನೆಯ ಖರ್ಚು ಕಳೆದು ಉಳಿದದ್ದರಲ್ಲಿ ಸಂಗ್ರಹ ಬೆಳೆಸುವ ನನ್ನಂಥವರು ಹಳೆಯ ಆಟಗಳಿಗಾಗಿ ಈ ಯಂತ್ರವನ್ನು ಧೈರ್ಯವಾಗಿ ಕೊಳ್ಳಬಹುದು. ಹಣ ಕೊಡುವ ಮೊದಲು ಮೂರು ಬಗೆಯ ಡಿಸ್ಕ್ ಹಾಕಿ ನೋಡಿ: ಕಪ್ಪು ಕೆಳಮೈಯ ಹಳೆಯ ಆಟ, ನೀಲಿ ಕೆಳಮೈಯ ಸಿಡಿ ಆಟ, ಬೆಳ್ಳಿ ಬಣ್ಣದ ಡಿವಿಡಿ ಆಟ. ಸಿಡಿಗೂ ಡಿವಿಡಿಗೂ ಒಳಗಿನ ಲೇಸರ್ ಬೇರೆ ಬೇರೆಯಾದ್ದರಿಂದ ಒಂದು ಓದಿತೆಂದು ಇನ್ನೊಂದನ್ನು ನಂಬಲಾಗದು. ವಿಸಿಡಿಗಳ ಸಂಗ್ರಹವೂ ನಿಮ್ಮಲ್ಲಿದ್ದರೆ ಪ್ರತ್ಯೇಕ ಡಿವಿಡಿ ಪ್ಲೇಯರ್‌ಗೂ ಎರಡು ಯಂತ್ರಗಳನ್ನು ಒಂದೇ ಜೋಡಣೆಯ ಜಾಗಕ್ಕೆ ಸೇರಿಸುವ ಎವಿ ಸ್ವಿಚ್‌ಗೂ ಒಂದಿಷ್ಟು ಹಣ ತೆಗೆದಿಡಿ. ನಾನೂ ಮುಂದಿನ ತಿಂಗಳು ಸ್ವಿಚ್ ಕೊಳ್ಳುವವನಿದ್ದೇನೆ.