ಟೈರ್ ಪುಡಿ ಟೈಲ್ಸಾ, ರಬ್ಬರ್ ರೋಲಾ? ಬೆಂಕಿ ದರ್ಜೆ ನೋಡಿ ಆರಿಸಿದ್ದು

ವ್ಯಾಯಾಮದ ಕೋಣೆಗೆ ರಬ್ಬರ್ ನೆಲ ಹಾಕಿಸಿದ್ದಾಯ್ತು. ಮೊದಲೇ ಹೇಳಿಬಿಡುತ್ತೇನೆ, ನಾನು ತಂದಿದ್ದು ಹೊಸ ರಬ್ಬರಿನ ರೋಲ್, ನೆಲಹಾಸಿಗೆ ಯುರೋಪಿನಲ್ಲಿ ಕೊಡುವ ಬೆಂಕಿ ದರ್ಜೆಗಳಲ್ಲಿ ಬಿಎಫ್‌ಎಲ್-ಎಸ್1 ದರ್ಜೆಯದು. ಅದಕ್ಕೆ ಪೈಪೋಟಿ ಕೊಟ್ಟಿದ್ದು ಹಳೇ ಟೈರ್ ಪುಡಿಯ ಟೈಲ್ಸ್, ಅದಕ್ಕಿಂತ ಕೆಳಗಿನ ಇಎಫ್‌ಎಲ್ ದರ್ಜೆ. ಎರಡರ ತುಂಡುಗಳನ್ನೂ ತರಿಸಿ, ಹಾಸಿ, ತುಳಿದು, ಡಂಬೆಲ್ ಬೀಳಿಸಿ ನೋಡಿದೆ.

ಕಾಲಿಗೆ ಟೈಲ್ಸೇ ಹಿತ. ಸದ್ದೂ ಕಡಿಮೆ. ವಾಸನೆ ಮಾತ್ರ ಸುಲಭಕ್ಕೆ ಹೋಗಲ್ಲ. ಒರೆಸಲು ರೋಲ್ ವಾಸಿ.

ಆದರೆ ನನ್ನ ಕೋಣೆ ಮಹಡಿ ಮೇಲಿದೆ, ಇಳಿಯಲು ಇರುವುದು ಒಂದೇ ಮೆಟ್ಟಿಲು. ಇಎಫ್‌ಎಲ್‌ಗೆ ಬೇಕಿರುವುದು ಇಷ್ಟೇ: ಸಣ್ಣ ಜ್ವಾಲೆಯನ್ನು 15 ಸೆಕೆಂಡ್ ತಾಗಿಸಿದರೆ, 20 ಸೆಕೆಂಡಿನೊಳಗೆ ಉರಿ 150 ಮಿಲಿಮೀಟರ್ ದಾಟಬಾರದು. ಬೆಂಕಿಕಡ್ಡಿ ಬಿದ್ದರೆ ಏನಾಗುತ್ತೆ ಅಂತ ಗೊತ್ತಾಗುತ್ತೆ. ಪಕ್ಕದ ಕೋಣೆಯೇ ಹೊತ್ತಿಕೊಂಡರೆ? ಅದಕ್ಕೆ ಉತ್ತರ ಇಲ್ಲ. ಹೊಗೆಯ ಲೆಕ್ಕವೂ ಇಲ್ಲ.

ಬಿಎಫ್‌ಎಲ್‌ಗೆ ಇನ್ನೊಂದು ಪರೀಕ್ಷೆ ಇದೆ. ಒಂದು ಮೀಟರಿಗಿಂತ ತುಸು ಉದ್ದದ ಪಟ್ಟಿ, ಅದರ ಮೇಲೆ 30 ಡಿಗ್ರಿ ಓರೆಯಾಗಿ ನಿಲ್ಲಿಸಿದ ಕೆಂಡದಂಥ ಫಲಕ. ಒಂದು ತುದಿಗೆ ಶಾಖ ಜಾಸ್ತಿ, ಆಚೆ ತುದಿಗೆ ಹೋಗುತ್ತಾ ಕಡಿಮೆ. ಉರಿ ಎಲ್ಲಿ ನಿಲ್ಲುತ್ತದೋ ಅಲ್ಲಿನ ಶಾಖವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು: ಚದರ ಮೀಟರಿಗೆ 8 ಕಿಲೋವ್ಯಾಟ್ ಅಥವಾ ಜಾಸ್ತಿ ಬಂದರೆ ಬಿಎಫ್‌ಎಲ್, ಅಷ್ಟಿಲ್ಲದೆ 4.5 ಆದರೂ ಇದ್ದರೆ ಸಿಎಫ್‌ಎಲ್. ಎಸ್1 ಅಂದರೆ ಹೊಗೆಯೂ ಮಿತಿಯೊಳಗಿದೆ ಅಂತ. ಎಸ್2 ಅಂದರೆ ಆ ಮಿತಿಯೊಳಗೆ ಬರಲಿಲ್ಲ ಅಂತ, ಅಷ್ಟೇ.

ಅಮೆರಿಕದ ‘ಕ್ಲಾಸ್ 1’ ಚೀಟಿ ಅಂಟಿಸಿದ ಇನ್ನೊಂದು ರೋಲನ್ನೂ ತೋರಿಸಿದರು. ಅದಕ್ಕೆ ಬೇಕಿರುವುದು ಚದರ ಸೆಂಟಿಮೀಟರಿಗೆ 0.45 ವ್ಯಾಟ್. ಲೆಕ್ಕ ಹಾಕಿದರೆ ಅದೇ 4.5 ಕಿಲೋವ್ಯಾಟ್! ಹೆಸರು ಕೇಳಿ ಮರುಳಾಗಬೇಡಿ, ಪರೀಕ್ಷೆಯ ವರದಿಯಲ್ಲಿರುವ ಅಂಕಿ ಕೇಳಿ.

ತಲೆ ತಿಂದಿದ್ದು ಅಂಟು. ನನ್ನ ರೋಲಿನ ವರದಿಯ ಮೊದಲ ಪುಟದಲ್ಲಿ ದರ್ಜೆ ದೊಡ್ಡದಾಗಿ ಅಚ್ಚಾಗಿತ್ತು. ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ ಷರತ್ತು: ಇಷ್ಟು ದಪ್ಪದ ರೋಲ್, ಈ ಬಗೆಯ ಅಂಟು, ಕೆಳಗೆ ಸಿಮೆಂಟ್ ಹಲಗೆಯಂಥ ಉರಿಯದ ನೆಲ. ಹೀಗೆ ಹಾಸಿದ್ದಕ್ಕೆ ಮಾತ್ರ ಆ ದರ್ಜೆ.

ಹಾಸಲು ಬಂದವನದು ಬೇರೆಯೇ ರಾಗ. “ಅಂಟು ಯಾಕೆ ಸರ್? ಅಂಚಿಗೆ ಡಬಲ್ ಟೇಪ್ ಸಾಕು. ಕೆಳಗೆ ಫೋಮ್ ಹಾಕ್ತೀನಿ, ಮೆತ್ತಗಿರುತ್ತೆ.” ಮಾರಿದವರಿಗೆ ಫೋನ್ ಮಾಡಿದರೆ, “ಅದೇ ರಬ್ಬರ್ ಅಲ್ವಾ ಸರ್” ಅಂದರು. ರಬ್ಬರ್ ಅದೇ, ಸರಿ. ಆದರೆ ಕಾಂಕ್ರೀಟಿಗೆ ಅಂಟಿಕೊಂಡ ರಬ್ಬರ್ ತನ್ನ ಶಾಖವನ್ನು ಕೆಳಗೆ ದಾಟಿಸುತ್ತದೆ. ಫೋಮ್ ಮೇಲಿದ್ದರೆ ಶಾಖಕ್ಕೆ ಹೋಗಲು ದಾರಿಯಿಲ್ಲ, ರಬ್ಬರ್ ಬೇಗ ಕಾಯುತ್ತದೆ. ಸಾಲದ್ದಕ್ಕೆ ಫೋಮೂ ಉರಿಯುತ್ತದೆ.

ಅಂಟಿಲ್ಲದೆ ಹಾಸಿದ್ದಕ್ಕೆ ಬೇರೆ ವರದಿ ಕೊಡಿ ಅಂತ ಪಟ್ಟು ಹಿಡಿದೆ. ಸಿಕ್ಕಾಪಟ್ಟೆ ಸತಾಯಿಸಿ ಕಳಿಸಿದರು. ಅದೇ ರೋಲ್, ದರ್ಜೆ ಮಾತ್ರ ಸಿಎಫ್‌ಎಲ್. ಅದೂ ಫೋಮ್ ಇಲ್ಲದೆ!

ಹಾಗಾಗಿ ಪೂರ್ತಿ ಅಂಟು ಹಾಕಿಸಿದೆ, ವರದಿಯಲ್ಲಿದ್ದ ಬಗೆಯದ್ದೇ. ಮುಂದೆ ಕಿತ್ತು ಹಾಕುವಾಗ ಗೋಳು ತಪ್ಪಿದ್ದಲ್ಲ, ಗೊತ್ತು. ನಾನಂತೂ ಹಾಕಿದ್ದನ್ನು ಬದಲಾಯಿಸುವ ಪೈಕಿ ಅಲ್ಲ. ಕೋಣೆ ನೆಲಮಹಡಿಯಲ್ಲಿದ್ದು, ಬಾಗಿಲು ನೇರ ಬಯಲಿಗೆ ತೆರೆಯುವಂತಿದ್ದರೆ, ಅಲ್ಲಿನ ನಿಯಮವೂ ಒಪ್ಪಿದ್ದರೆ, ಟೈಲ್ಸೇ ತರುತ್ತಿದ್ದೆ. ದುಡ್ಡೂ ಉಳಿಯುತ್ತಿತ್ತು. ಸದ್ಯಕ್ಕೆ ಗೋಡೆಗೆ ಕನ್ನಡಿ ಹಾಕಿಸುವುದು ಮುಂದಕ್ಕೆ ಹೋಗಿದೆ.