ಪ್ಯಾಪ್, ಎಚ್‌ಪಿವಿ, ಬಯಾಪ್ಸಿ: ಅಪರೂಪದ ಗರ್ಭಕಂಠ ಕ್ಯಾನ್ಸರ್ ಯಾವುದಕ್ಕೆ ಸಿಗುತ್ತದೆ?

ತೊಂದರೆ ಏನೂ ಇಲ್ಲ, ಸುಮ್ನೆ ತಪಾಸಣೆ ಅಂದ್ರೆ ನನ್ನ ಮತ ಎಚ್‌ಪಿವಿ ಪರೀಕ್ಷೆಗೆ (ಗರ್ಭಕಂಠ ಕ್ಯಾನ್ಸರ್‌ಗೆ ಹೆಚ್ಚಾಗಿ ಕಾರಣವಾಗುವ ವೈರಸ್ ಇದೆಯಾ ಅಂತ ನೋಡುವುದು). 30 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅದನ್ನೇ, 5ರಿಂದ 10 ವರ್ಷಕ್ಕೊಮ್ಮೆ. ಪ್ಯಾಪ್ (ಗರ್ಭಕಂಠದ ಕೋಶಗಳನ್ನು ಬ್ರಷ್‌ನಿಂದ ತೆಗೆದು ನೋಡುವುದು) ಆದರೆ 3 ವರ್ಷಕ್ಕೊಮ್ಮೆ.

ಅಪರೂಪದ ಬಗೆಗಳಲ್ಲಿ ಲೆಕ್ಕ ಬದಲಾಗುತ್ತದೆ. ಅಡಿನೋಕಾರ್ಸಿನೋಮ (ಗ್ರಂಥಿಕೋಶಗಳ ಕ್ಯಾನ್ಸರ್) ಗರ್ಭಕಂಠದ ಒಳದಾರಿಯಲ್ಲಿ ಅಡಗಿದ್ದರೆ ಪ್ಯಾಪ್ ಬ್ರಷ್‌ಗೆ ಸಿಗದೇ ಹೋಗಬಹುದು. ಅಡಿನೋಕಾರ್ಸಿನೋಮಗಳಲ್ಲಿ ಬಹುಪಾಲು ಎಚ್‌ಪಿವಿ ಪರೀಕ್ಷೆಯಲ್ಲಿ ಸಿಗುತ್ತವೆ. ಆದರೆ ಅದರಲ್ಲೇ ಗ್ಯಾಸ್ಟ್ರಿಕ್ ಬಗೆಗೆ (ಜಠರದ ಕೋಶಗಳಂತೆ ಕಾಣುವ ಬಗೆ) ಆ ವೈರಸ್‌ನ ನಂಟೇ ಇಲ್ಲ. ವರದಿ ನೆಗೆಟಿವ್, ರೋಗ ಒಳಗೇ! ನೀರಿನಂಥ ಸ್ರಾವ ನಿಲ್ಲದಿದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಆ ವರದಿ ನಂಬಿ ಕೂರಬೇಡಿ.

ಆಗ ಬಯಾಪ್ಸಿಯೇ (ಚೂರು ತೆಗೆದು ಪರೀಕ್ಷಿಸುವುದು) ಬೇಕು. ಪಂಚ್ ಬಯಾಪ್ಸಿ ಓಪಿಡಿಯಲ್ಲೇ ಮುಗಿಯುತ್ತದೆ, ಆದರೆ ಮೇಲ್ಭಾಗದ ಚೂರು ಮಾತ್ರ ಸಿಗುತ್ತದೆ. ಶಂಕುವಿನಾಕಾರದ ದೊಡ್ಡ ತುಂಡು ತೆಗೆಯುವ ಕೋನ್ ಬಯಾಪ್ಸಿಗೆ ಅರಿವಳಿಕೆ ಬೇಕು, ರಕ್ತಸ್ರಾವ ಜಾಸ್ತಿ ಆಗಬಹುದು. ಮುಂದೆ ಮಗು ಬೇಕು ಅನ್ನುವವರು ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯವನ್ನೂ ಕೇಳಿಕೊಳ್ಳಬೇಕು. ಆದರೂ ಒಳದಾರಿಯ ಅನುಮಾನಕ್ಕೆ ಪಂಚ್‌ಗಿಂತ ಇದೇ ಮೇಲು.

ಇನ್ನೊಂದು ಅಪರೂಪದ ಬಗೆಯಾದ ಸಣ್ಣಕೋಶದ ನ್ಯೂರೋಎಂಡೋಕ್ರೈನ್ ಕ್ಯಾನ್ಸರ್ ಬೇಗ ಹರಡುತ್ತದೆ, ಚಿಕಿತ್ಸೆಯೂ ಬೇರೆ. ಹಾಗಾಗಿ ಬಗೆ ಖಚಿತವಾಗಿಲ್ಲದಿದ್ದರೆ ಐಎಚ್‌ಸಿ (ಚೂರಿನಲ್ಲಿ ನಿರ್ದಿಷ್ಟ ಪ್ರೋಟೀನ್‌ಗಳನ್ನು ಹುಡುಕುವ ಪರೀಕ್ಷೆ) ಆಗಿದೆಯಾ, ಅದರಲ್ಲಿ ಈ ಬಗೆಯನ್ನು ಗುರುತಿಸುವ ಸಿನಾಪ್ಟೊಫೈಸಿನ್, ಕ್ರೋಮೋಗ್ರಾನಿನ್ ನೋಡಿದ್ದಾರಾ ಅಂತ ಕೇಳಿ. ಎರಡನೇ ಅಭಿಪ್ರಾಯಕ್ಕೆ ಹೊಸ ಚೂರು ಬೇಕಾಗಿಲ್ಲ, ಲ್ಯಾಬಿನಿಂದ ಸ್ಲೈಡು, ಬ್ಲಾಕು (ಮೊದಲ ಚೂರನ್ನು ಮೇಣದಲ್ಲಿ ಕಾಪಿಟ್ಟದ್ದು) ಪಡೆದು ಒಯ್ದರೆ ಸಾಮಾನ್ಯವಾಗಿ ಸಾಕು.