ಆರ್‌ಎಕ್ಸ್ ಹಿಂದಿನ ಶಾಕ್ಸ್: ಕಂಪನಿಯದೋ, ಹೊರಗಿನದೋ?

ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ 1993ರದು. 98 ಸಿಸಿ, 11 ಕುದುರೆ ಶಕ್ತಿಯ ಟೂ ಸ್ಟ್ರೋಕ್. ಇದರ ತಯಾರಿಕೆ 1996ರಲ್ಲೇ ನಿಂತಿತು. ಆದರೂ ಹುಬ್ಬಳ್ಳಿಯಲ್ಲಿ ಇದರ ಸದ್ದು ಕೇಳಿದರೆ ಚಹಾದಂಗಡಿ ಮುಂದೆ ಕೂತವರು ಈಗಲೂ ತಲೆ ಎತ್ತಿ ನೋಡುತ್ತಾರೆ. ಎಲ್ಲರೂ ಎಂಜಿನ್‌ಗೆ, ಸೈಲೆನ್ಸರ್‌ಗೆ ದುಡ್ಡು ಸುರಿಯುತ್ತಾರೆ. ಹಿಂದಿನ ಶಾಕ್ಸ್, ಅಂದರೆ ಹಿಂದಿನ ಚಕ್ರದ ಕುಲುಕು ತಡೆಯುವ ಸ್ಪ್ರಿಂಗ್ ಜೋಡಿ, ಯಾರಿಗೂ ನೆನಪಾಗುವುದಿಲ್ಲ. ನನಗೂ ನೆನಪಾಗಿದ್ದು, ನವಲಗುಂದದ ಹತ್ತಿರದ ಒಳರಸ್ತೆಯಲ್ಲಿ ಗಾಡಿಯ ಹಿಂಭಾಗ ಮೂರು ಸಲ ಜಿಗಿದು ನಾನು ಜೋಳದ ಹೊಲದ ಅಂಚಿಗೆ ಹೋಗಿ ನಿಂತಾಗ.

ಅದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಮೇಲಿನ ಡಾಂಬರು ಎಷ್ಟು ಸಲ ಹಾಕಿದರೂ ಒಂದೆರಡು ವರ್ಷಕ್ಕೆ ಅಲೆ ಅಲೆಯಾಗುತ್ತದೆ. ತಗ್ಗು ಕಣ್ಣಿಗೆ ಕಾಣುತ್ತದೆ, ತಪ್ಪಿಸಬಹುದು. ಈ ಅಲೆ ಕಾಣುವುದೇ ಇಲ್ಲ. ಅದರ ಮೇಲೆ ಅರವತ್ತರಲ್ಲಿ ಹೋದಾಗಲೇ ಗೊತ್ತಾಗುತ್ತದೆ ನಿಮ್ಮ ಶಾಕ್ಸ್ ಬದುಕಿವೆಯೋ ಸತ್ತಿವೆಯೋ ಅಂತ.

ಗ್ಯಾರೇಜಿನ ಮಿಸ್ತ್ರಿ ಕಾಕಾ ಸೀಟಿನ ಹಿಂಭಾಗ ಒಮ್ಮೆ ಒತ್ತಿ ಬಿಟ್ಟರು. ಅದು ಮೇಲೆದ್ದು, ಕೆಳಗಿಳಿದು, ಮತ್ತೆ ಮೇಲೆದ್ದಿತು. "ಎಣ್ಣಿ ಸತ್ತೈತ್ರಿ. ಬರೇ ಸ್ಪ್ರಿಂಗ್ ಮ್ಯಾಲ ಅಡ್ಡಾಡಾಕತ್ತೀರಿ," ಅಂದರು. ಕಂಪನಿ ಶಾಕ್ಸ್‌ನ ಬುಡದಲ್ಲಿ ಮೆಟ್ಟಿಲಿನಂತೆ ಹಲ್ಲುಗಳಿವೆ, ಪಾನಾ (ಸ್ಪ್ಯಾನರ್) ಹಾಕಿ ತಿರುಗಿಸಬಹುದು. ನಾನು ಅದನ್ನೇ ಕೊನೆಯ ಹಲ್ಲಿಗೆ ಏರಿಸಿಕೊಂಡು ಗಾಡಿ ಬಿಗಿಯಾಯಿತು ಅಂದುಕೊಂಡಿದ್ದೆ. ನಮ್ಮಲ್ಲಿ ಬಹಳ ಜನ ಹಾಗೇ ಅಂದುಕೊಂಡಿದ್ದಾರೆ. ಆ ಹಲ್ಲು ಸ್ಪ್ರಿಂಗನ್ನು ಗಟ್ಟಿ ಮಾಡುವುದಿಲ್ಲ, ಅದನ್ನು ಮೊದಲೇ ಸ್ವಲ್ಪ ಅದುಮಿ ಇಡುತ್ತದೆ ಅಷ್ಟೇ. ಅದರಿಂದ ಗಾಡಿ ಹಿಂದೆ ಎತ್ತರ ಕೂರುತ್ತದೆ. ಜಿಗಿತ ತಡೆಯುವುದು ಒಳಗಿನ ಎಣ್ಣೆ. ಸಣ್ಣ ತೂತುಗಳಲ್ಲಿ ಹಾದುಹೋಗುವಾಗ ಅದು ಸ್ಪ್ರಿಂಗಿನ ಓಟಕ್ಕೆ ಕಡಿವಾಣ ಹಾಕುತ್ತದೆ. ಆ ಕಡಿವಾಣಕ್ಕೆ ಕಂಪನಿ ಶಾಕ್ಸ್‌ನಲ್ಲಿ ಯಾವ ತಿರುಪೂ ಇಲ್ಲ.

ಮುಂದಿನ ಒಂದೂವರೆ ವರ್ಷದಲ್ಲಿ ಮೂರು ಜೋಡಿ ಹಾಕಿ ನೋಡಿದೆ.

ಮೊದಲು ಹಾಕಿದ್ದು ಪಕ್ಕದಲ್ಲಿ ಗ್ಯಾಸಿನ ಡಬ್ಬಿ ಇರುವ ಶಾಕ್ಸ್. ಕೆಂಪು ಸ್ಪ್ರಿಂಗ್, ಬಂಗಾರದ ಬಣ್ಣದ ಡಬ್ಬಿ, 2,600 ರೂಪಾಯಿ. ಅಂಗಡಿಯವರು "ಯಾವ ಗಾಡಿಗಿ ಬೇಕಾದ್ರೂ ಕುಂದ್ರತಾವ್ರಿ" ಅಂದಿದ್ದರು. ಕೂತವು, ನಿಜ. ಆದರೆ ಕಂಪನಿಯದಕ್ಕಿಂತ 15 ಮಿಲಿಮೀಟರ್ ಉದ್ದ. ಅಷ್ಟೇ ತಾನೇ ಅನ್ನಿಸುತ್ತದೆ ಅಲ್ವಾ? ಸೆಂಟರ್ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲಕ್ಕೆ ತಾಗಿಕೊಂಡೇ ಇರುತ್ತಿತ್ತು. ಚೈನ್‌ಗೆ ಎಣ್ಣೆ ಬಿಡಬೇಕೆಂದರೆ ಸ್ಟ್ಯಾಂಡ್ ಕೆಳಗೆ ಹಲಗೆ ತುಂಡು ಇಡಬೇಕು. ಹಿಂಭಾಗ ಎತ್ತರವಾಗಿ ಮುಂಭಾಗ ಬಾಗಿದ್ದರಿಂದ ಹ್ಯಾಂಡಲ್ ಚುರುಕಾಯಿತು. ದುರ್ಗದಬೈಲಿನ ಸಂದಣಿಯಲ್ಲಿ ಅದು ಚೆಂದ, ಆದರೆ ಎಂಬತ್ತು ದಾಟಿದರೆ ಕೈಯಲ್ಲಿ ನಡುಕ. ಎಡಗಡೆ ಡಬ್ಬಿ ಸೀರೆ ಗಾರ್ಡ್‌ಗೆ ಉಜ್ಜಿ ಬಣ್ಣ ಹೋಯಿತು. ಸೀರೆ ಗಾರ್ಡ್ ಬಿಚ್ಚಿಬಿಡಿ ಅಂತ ಅಂಗಡಿಯವರ ಸಲಹೆ. ನನ್ನ ಹೆಂಡತಿ ಹಿಂದೆ ಕೂರುವವಳು, ಅದು ಆಗದ ಮಾತು.

ಸ್ಪ್ರಿಂಗ್ ಇನ್ನೊಂದು ತಲೆನೋವು. ನನ್ನ ತೂಕ 72 ಕಿಲೋ. ನಾನು ಕೂತಾಗ ಗಾಡಿ ಎಷ್ಟು ಕುಸಿಯುತ್ತದೆ ಅಂತ ಮಗನ ಕೈಯಲ್ಲಿ ಟೇಪು ಕೊಟ್ಟು ಅಳೆಸಿದೆ. ಬರೀ 9 ಮಿಲಿಮೀಟರ್. ಭಾರದ 150 ಸಿಸಿ ಗಾಡಿಗೆ ಮಾಡಿದ ಸ್ಪ್ರಿಂಗ್ ಇರಬೇಕು. ನೂರು ಕಿಲೋ ಆಸುಪಾಸಿನ ಆರ್‌ಎಕ್ಸ್‌ಗೆ ಅದು ಕಬ್ಬಿಣದ ಸಲಾಕೆ ಇದ್ದಂತೆ. ಉಣಕಲ್ ದಾಟಿ ಧಾರವಾಡದ ಕಡೆ ಹೋಗುವಾಗ ಪ್ರತಿ ಹಂಪ್ ಸೊಂಟಕ್ಕೇ ಬಡಿಯುತ್ತಿತ್ತು. ನಾಲ್ಕನೇ ತಿಂಗಳು ಬಲಗಡೆ ಎಣ್ಣೆ ಸೋರಿತು. ಡಬ್ಬಿಯ ತಿರುಪು ಸುಮ್ನೆ ಕೈಯಿಂದಲೇ ಬಿಚ್ಚಿ ಬಂತು. ಒಳಗೆ ಖಾಲಿ. ಡಬ್ಬಿಯಿಂದ ಶಾಕ್ಸ್‌ಗೆ ದಾರಿಯೇ ಇರಲಿಲ್ಲ! (ನಿಜವಾದ ಗ್ಯಾಸ್ ಶಾಕ್ಸ್ ಆಗಿದ್ದರೆ ಹೀಗೆ ಬಿಚ್ಚಲು ಹೋಗಬೇಡಿ. ಒಳಗೆ ನೈಟ್ರೋಜನ್ ಒತ್ತಡದಲ್ಲಿರುತ್ತದೆ, ಮುಖಕ್ಕೆ ಹಾರುತ್ತದೆ.)

ಆಮೇಲೆ ಕಾಕಾ ಮಾತು ಕೇಳಿ ಕಂಪನಿ ಜೋಡಿಯನ್ನೇ ರಿಪೇರಿಗೆ ಕೊಟ್ಟೆ. "ಒಗಿಬ್ಯಾಡ್ರಿ ಅವನ್ನ, ಆ ಸ್ಪ್ರಿಂಗ್ ಈ ಗಾಡೀಗೆ ಅಂತನ ಮಾಡಿದ್ದು," ಅಂದಿದ್ದರು. ರಾಡು ಸವೆದಿರಲಿಲ್ಲ, ಅದು ನನ್ನ ಅದೃಷ್ಟ. ರಾಡಿನ ಮೇಲೆ ಗೀರು, ತುಕ್ಕು ಇದ್ದರೆ ಹೊಸ ಸೀಲ್ ಹಾಕಿದರೂ ನಿಲ್ಲುವುದಿಲ್ಲ. ಹೊಸ ಸೀಲ್, ಹೊಸ ಎಣ್ಣೆ, ನಾಲ್ಕು ರಬ್ಬರ್ ಬುಷ್, ಎಲ್ಲ ಸೇರಿ 900 ರೂಪಾಯಿ. ಮೂರನೇ ಹಲ್ಲಿನಲ್ಲಿ ಕುಸಿತ 28 ಮಿಲಿಮೀಟರ್. ಸೀಟು ಒತ್ತಿ ಬಿಟ್ಟರೆ ಒಂದೇ ಸಲ ಮೇಲೆ ಬಂದು ನಿಲ್ಲುತ್ತದೆ. ಊರಲ್ಲಿ ಇದರ ಮುಂದೆ ಯಾವುದೂ ಇಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಕೇಶ್ವಾಪುರದಿಂದ ಹೊಸೂರಿಗೆ ದಿನಾ ಹೋಗಿ ಬಂದೆ, ಬೆನ್ನು ಒಂದು ದಿನವೂ ಮಾತಾಡಲಿಲ್ಲ. ಹೆಂಡತಿ ಹಿಂದೆ ಕೂರುವಾಗ ಪಾನಾ ಹಾಕಿ ಎರಡು ಹಲ್ಲು ಏರಿಸಿದರೆ ಮುಗಿಯಿತು, ಒಂದು ನಿಮಿಷದ ಕೆಲಸ.

ಸೋತದ್ದು ಮತ್ತೆ ಆ ಎರೆ ರಸ್ತೆಯಲ್ಲೇ. ಮೊದಲ ಹತ್ತು ಕಿಲೋಮೀಟರ್ ಚೆನ್ನಾಗಿತ್ತು. ಆಮೇಲೆ ಮೆಲ್ಲಗೆ ತೇಲಲು ಶುರುವಾಯಿತು. ಇದರೊಳಗೆ ಎಣ್ಣೆಯ ಜೊತೆಗೆ ಗಾಳಿಯೂ ಇದೆ. ಬಿಡುವಿಲ್ಲದೆ ಕುಲುಕಿದರೆ ಎರಡೂ ಬೆರೆತು ಮಜ್ಜಿಗೆ ಕಡೆದಂತೆ ನೊರೆ ಬರುತ್ತದೆ. ನೊರೆಗೆ ಕಡಿವಾಣ ಹಾಕುವ ಶಕ್ತಿ ಇಲ್ಲ. ಹತ್ತು ನಿಮಿಷ ನಿಂತು ಗಿರ್ಮಿಟ್ ತಿಂದು ಹೊರಟರೆ ಮತ್ತೆ ಸರಿ!

ಮೂರನೆಯದು ಥಾಯ್ಲೆಂಡ್‌ನಲ್ಲಿ ಮಾಡಿದ ಜೋಡಿ. ಹತ್ತು ಸಾವಿರ ದಾಟಿತು, ಮನೆಯಲ್ಲಿ ಬೆಲೆ ಹೇಳಿಲ್ಲ. ಈ ಸಲ ಮೊದಲೇ ಬೋಲ್ಟ್ ಕೂರುವ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗೆ ಅಳೆದು, ಕಂಪನಿಯದರಷ್ಟೇ ಉದ್ದದ್ದನ್ನು ತರಿಸಿದೆ. ಒಳಗೆ ನಿಜವಾಗಿ ನೈಟ್ರೋಜನ್ ಇದೆ. ಅದರ ಒತ್ತಡಕ್ಕೆ ನೊರೆ ಸುಲಭವಾಗಿ ಏಳುವುದಿಲ್ಲ. ಕೆಳಗೆ ಒಂದು ಪುಟ್ಟ ತಿರುಪು ಇದೆ, ಸ್ಪ್ರಿಂಗ್ ವಾಪಸ್ ಬರುವ ವೇಗವನ್ನು ಅದರಲ್ಲೇ ಹಿಡಿಯಬಹುದು.

ಆ ತಿರುಪು ಕೈಗೆ ಸಿಕ್ಕ ಖುಷಿಯಲ್ಲಿ ಮೊದಲ ದಿನ ಪೂರ್ತಿ ಬಿಗಿ ಮಾಡಿದೆ. ತಪ್ಪಾಯಿತು. ಸಾಲು ಸಾಲು ಉಬ್ಬು ಬಂದಾಗ ಶಾಕ್ಸ್ ಒಂದರಿಂದ ಮೇಲೇಳುವ ಮೊದಲೇ ಇನ್ನೊಂದು ಬರುತ್ತದೆ. ಕುಗ್ಗಿ ಕುಗ್ಗಿ ಕೊನೆಗೆ ಕಲ್ಲಿನಂತಾಗುತ್ತದೆ. ಎರಡೆರಡೇ ಕ್ಲಿಕ್ ಬಿಚ್ಚುತ್ತಾ, ಅದೇ ರಸ್ತೆಯಲ್ಲಿ ಹೋಗಿ ಬರುತ್ತಾ, 12ಕ್ಕೆ ನಿಲ್ಲಿಸಿದೆ. ಕುಸಿತ 24 ಮಿಲಿಮೀಟರ್. ಅಲೆಯ ಮೇಲೆ ಹಿಂಭಾಗ ಒಮ್ಮೆ ಎದ್ದು ಕೂರುತ್ತದೆ, ಅಷ್ಟೇ. ಹೊಲ ಮುಟ್ಟುವವರೆಗೂ ಹಾಗೇ ಇರುತ್ತದೆ. ಕಲಘಟಗಿ ಕಡೆಯ ತಿರುವುಗಳಲ್ಲಿ ಗಾಡಿ ಹತ್ತು ವರ್ಷ ಚಿಕ್ಕದಾದಂತಿತ್ತು.

ಆದರೆ ಇದರಲ್ಲಿ ಹಲ್ಲಿಲ್ಲ, ತಿರುಪಿನಂತೆ ಕೊರೆದ ಮರೆಯ (ಥ್ರೆಡ್) ಮೇಲೆ ಎರಡು ಬಳೆ. ಹಿಂದೆ ಯಾರಾದರೂ ಕೂತರೆ ಎರಡು ಪಾನಾ ಬೇಕು, ಎರಡೂ ಕಡೆ ಎಣಿಸಿ ತಿರುಗಿಸಬೇಕು. ಎರೆ ಮಣ್ಣು ಮರೆಗೆ ಹೊಕ್ಕು ಒಣಗಿದರೆ ಮೊದಲು ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕು. "ಏನ್ರಿ, ನಾ ಕುಂದ್ರಬೇಕಂದ್ರ ಇಷ್ಟೆಲ್ಲಾ ಮಾಡಬೇಕೇನು?" ಅಂತ ಹೆಂಡತಿ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮನೆಯವರು ತಮ್ಮ ಆರ್‌ಎಕ್ಸ್‌ಗೂ ಇದೇ ಹಾಕಿಸಲಾ ಅಂದರು. ಅವರ ಓಡಾಟ ಊರೊಳಗೆ ಮಾತ್ರ, ದಿನಾ ಮಗಳನ್ನು ಕಾಲೇಜಿಗೆ ಬಿಡುತ್ತಾರೆ. ಬೇಡ, 900 ರೂಪಾಯಿಯ ರಿಪೇರಿ ಮಾಡಿಸಿ ಅಂದೆ.

ಸುಗ್ಗಿ ಮುಗಿಯುವವರೆಗೆ ನನ್ನ ಗಾಡಿಯಲ್ಲಿ ಥಾಯ್ಲೆಂಡ್‌ನದೇ ಇರುತ್ತದೆ, ವಾರಕ್ಕೆರಡು ಸಲ ಹೊಲಕ್ಕೆ ಹೋಗಬೇಕು. ಕಂಪನಿ ಜೋಡಿ ಗೋಣಿತಟ್ಟಿನಲ್ಲಿ ಸುತ್ತಿ ಅಟ್ಟದ ಮೇಲಿದೆ, ಮಲಗಿಸಿಲ್ಲ, ನಿಲ್ಲಿಸಿದ್ದೇನೆ. ಯುಗಾದಿಗೆ ಹೆಂಡತಿಯ ತವರಿಗೆ ಹೊರಡುವ ಮುಂಚಿನ ದಿನ ಅದನ್ನು ಇಳಿಸಬೇಕು. ನಾಲ್ಕು ನಟ್, ಇಪ್ಪತ್ತು ನಿಮಿಷ.